ಮುಂದ್ಗಡೆ ಅಕ್ಕಿ, ಇಂದ್ಗಡೆ ಗದ್ದೆ

ಸುಣ್ಣಕ್ಕೆ ನೀರು ಬಿದ್ದ ವಾಸನೆ, ಹೌದು ಅದೇ, ಗಂಜಾಂನ ಹಿತ್ತಿಲಲ್ಲಿ ಅಜ್ಜಿ ಹಳೆಯ ಗುಡಾಣಕ್ಕೆ ಸುಣ್ಣದ ಕಲ್ಲು ಸುರಿದು ನೀರು ಹೊಯ್ದರೆ ಕೊತಕೊತ ಕುದಿದು ಮೂಗಿಗೇರುತ್ತಿದ್ದ ಆ ಬೆಚ್ಚನೆಯ ವಾಸನೆ, ದೂರ ಹೋಗ್ರೇ ಮಕ್ಕಳಾ, ಕಣ್ಣು ಹೋದಾವು ಎಂದು ಅಜ್ಜಿ ಕೂಗುತ್ತಿದ್ದಳು, ಅವಳು ಕೂಗಿದಷ್ಟೂ ಐದು ವರ್ಷದ ಕೌಸಲ್ಯ ಒಂದೊಂದೇ ಹೆಜ್ಜೆ ಹತ್ತಿರ ಹೋಗುತ್ತಿದ್ದಳು — ಆ ವಾಸನೆ ಇಲ್ಲಿಗೆ ಎಲ್ಲಿಂದ ಬಂತು, ಪಾಂಡವಪುರದ ಈ ಹೊಸ ಕಲ್ಯಾಣ ಮಂಟಪದ ಊಟದ ಹಾಲಿಗೆ, ಮಗುಚಿ ಹಾಕಿದ ಬಣ್ಣದ ಡಬ್ಬದ ಮೇಲೆ ಕುಳಿತ ಅರವತ್ತೊಂದು ವರ್ಷದ ಕೌಸಲ್ಯಮ್ಮನವರ ಬ್ರಷ್ಷು ಒಂದು ಹುಲ್ಲಿನ ಎಸಳಿನ ಅರ್ಧದಲ್ಲೇ ನಿಂತಿತು, ಸುಣ್ಣ, ಸುಣ್ಣ ಯಾರಿಗೆ, ಯಾವ ಗೋಡೆಗೆ? ಅಡುಗೆಮನೆಗಂತೆ. ಬಾಗಿಲಿಂದ ತಲೆ ಹಾಕಿದ ಸುಣ್ಣ ಹೊಡೆಯುವ ಚಲುವರಾಜು ಹಲ್ಲು ಬಿಟ್ಟ, ಇಗಳೀಗ ಅಡ್ಗೆಮನೆ ಮೇಡಮ್, ಆಮ್ಯಾಕೆ ಎಲ್ಲೆಲ್ಲಿ ಒಡೀಬೇಕೋ ಮರಿಸ್ವಾಮಣ್ಣ ಬಂದು ಏಳ್ತಾರೆ, ಇವತ್ತು ಬತ್ತಾವ್ರೆ. ಬರುತ್ತಾರೆ, ಇವತ್ತೇ, ಗೊತ್ತಿದ್ದದ್ದೇ, ಕ್ಯಾತನಹಳ್ಳಿಯ ಮಿಲ್ ಮರಿಸ್ವಾಮಿ ಮಂಟಪ ಕಟ್ಟಿಸಿ, ಗೋಡೆ ಒಪ್ಪಿಸಿ, ತಿರುಪತಿ ರಾಮೇಶ್ವರ ಎಂದು ಟೆಂಪೋ ಹತ್ತಿ ಹೋಗಿ ಇಪ್ಪತ್ತಾರು ದಿನ, ಈ ಚಿತ್ರದ ಒಂದು ಗೆರೆಯನ್ನೂ ಅವರು ನೋಡಿಲ್ಲ, ಶುಕ್ರವಾರ ಮೊದಲ ಮದುವೆ, ಮೆಚ್ಚಿದರೆ ಈ ಗೋಡೆ ಇರುತ್ತದೆ, ಮೆಚ್ಚದಿದ್ದರೆ ಸುಣ್ಣ ಹೇಗೂ ಕಲಸಿದ್ದೇ ಇದೆ.

ಮೆಚ್ಚದೆ ಏನು, ಅವರು ಹೇಳಿದ ಹಾಗೇ ಬರೆದಿದ್ದಾಯಿತಲ್ಲ, ಒಂದು ಮಾತೂ ಬಿಡದೆ, ಅವತ್ತು ಅವರು ಇದೇ ಹಾಲಿನ ಮಧ್ಯೆ ನಿಂತು ಎರಡು ಕೈಯನ್ನೂ ಅಗಲಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ನೋಡಿ ಮೇಡಮ್ಮೋರೆ, ಇಷ್ಟುದ್ದ ಗ್ವಾಡೆ ಬೋಳುಬೋಳಾಗಿ ನಿಂತದೆ, ಉಣ್ಣಾಕೆ ಕುಂತೋರು ಎಲೆಗೆ ಬಡಿಸೋಗಂಟ ಏನ್ ನೋಡ್ಬೇಕು, ನಮ್ಮ ನಮ್ಮ ಮಖಾನಾ? ಮುಂದ್ಗಡೆ ಅಕ್ಕಿ, ಇಂದ್ಗಡೆ ಗದ್ದೆ, ಅಷ್ಟೇಯ, ರಾಶಿ ರಾಶಿ ಅಕ್ಕಿ ಇರ್ಬೇಕು, ನೋಡ್ತಿದ್ರೆ ಒಟ್ಟೆ ತುಂಬ್ಬೇಕು. ರಾಶಿ ರಾಶಿ ಹಕ್ಕಿ! ಹಿಂಡು ಎನ್ನಲಿಲ್ಲ, ಸಾಲು ಎನ್ನಲಿಲ್ಲ, ರಾಶಿ ಎಂದರು, ಮಿಲ್ ನಡೆಸುವ ಮನುಷ್ಯನಿಗೆ ಎಂಥ ಕವಿಹೃದಯ ಎಂದು ಬಸ್ಸಿನಲ್ಲಿ ವಾಪಸ್ಸು ಬರುವ ದಾರಿಯುದ್ದಕ್ಕೂ ಕೌಸಲ್ಯಮ್ಮ ಮೆಚ್ಚಿಕೊಂಡಿದ್ದರು, ಹಕ್ಕಿ ನೋಡಿದರೆ ಹೊಟ್ಟೆ ತುಂಬಬೇಕು, ಆಹಾ. ಈ ಸೀಮೆಯ ಮಾತಿಗೆ ಒಂದು ಹಕಾರ ಜೋಡಿಸಿಕೊಂಡು ಕೇಳುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ, ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ತೊಂಬತ್ತಮೂರರಲ್ಲಿ ರಿಟೈರಾಗುವ ತನಕ ದಿನಾ ಆಜರ್ ಮಿಸ್ ಎಂದರೆ ಹಾಜರು, ಊವು ಎಂದರೆ ಹೂವು, ಆವು ಎಂದರೆ ಹಾವು, ಅನುಮಂತ ಎಂದರೆ ಎದ್ದು ನಿಲ್ಲುವವನು ಹನುಮಂತ, ಕಿವಿಯೇ ತಿದ್ದಿಕೊಂಡುಬಿಡುತ್ತಿತ್ತು, ಒಬ್ಬ ಹುಡುಗ ರಜಾ ಚೀಟಿಯಲ್ಲಿ ನಮ್ಮ ಮನೆಗೆ ಅಳಿಯ ಬಂದಿದ್ದಾರೆ ಎಂದು ಸರಿಯಾಗಿಯೇ ಬರೆದಿದ್ದನ್ನು ಕೆಂಪು ಶಾಯಿಯಲ್ಲಿ ಹಳಿಯ ಎಂದು ತಿದ್ದಿ ಸಹಿ ಹಾಕಿದ್ದರು, ಆಮೇಲೆ ಇಡೀ ಸ್ಟಾಫ್ ರೂಮು ಎರಡು ತಿಂಗಳು ತಮ್ಮ ತಮ್ಮ ಹಳಿಯಂದಿರ ಕ್ಷೇಮಸಮಾಚಾರ ಮಾತಾಡಿಕೊಂಡಿತು.

ಆ ಎಸಳು ಮುಗಿಸಬೇಕು, ಹುಲ್ಲು ಕೊಕ್ಕರೆಯ ಕಾಲಿನ ಮುಂದೆ ಅಡ್ಡ ಹಾದು ಹೋಗಬೇಕು, ಆದರೆ ಕಾಲನ್ನು ಮುಚ್ಚಬಾರದು, ಕಾಲು ಬರೆಯೋಕೆ ಬೇಜಾರಾದವರೆಲ್ಲ ಹುಲ್ಲು ಬರೀತಾರೆ ಎಂದು ಇವರು, ಜಯರಾಮಯ್ಯನವರು, ಅಣಕಿಸುತ್ತಾರೆ, ಗಣಿತದ ಮೇಷ್ಟರಿಗೆ ಹುಲ್ಲಿನ ಕಷ್ಟ ಏನು ಗೊತ್ತು, ಆದರೆ ಅವರು ಹೇಳುವುದೂ ನಿಜವೇ, ಬರೆದಿಲ್ಲವೇ ಹಾಗೆ, ಮದುವೆಯಾದ ಹೊಸತರಲ್ಲಿ ಬರೆದ ಅಷ್ಟೂ ಹಕ್ಕಿಗಳ ಕಾಲು ಹುಲ್ಲಿನಲ್ಲಿ ಮುಳುಗಿಹೋಗಿದ್ದವು, ಅದು ಮೈಸೂರಿನ ಚಿತ್ರಪ್ರದರ್ಶನದಲ್ಲಿ ಒಬ್ಬ ಹಿರಿಯ ಕಲಾವಿದರ ಮಾತು ಕೇಳಿದ ಮೇಲೆ, ಕೊಕ್ಕರೆ ಬಹಳ ಸೊಗಸಾಗಿದೆ ತಾಯಿ, ಕೊಕ್ಕು, ಕಣ್ಣು, ಗರಿ ಎಲ್ಲ ಇದೆ, ಆದರೆ ಅದು ನೀರಿನಲ್ಲಿ ನಿಂತಿಲ್ಲ, ಡ್ರಾಯಿಂಗ್ ಹಾಳೆಯ ಮೇಲೆ ನಿಂತಿದೆ. ಬೈದು ಹೇಳಿದ್ದರೆ ಮರೆತುಹೋಗುತ್ತಿತ್ತು, ಅವರು ತಮ್ಮ ಕಾಫಿಯನ್ನು ಎರಡು ಲೋಟ ಮಾಡಿ, ಒಂದನ್ನು ಈ ಕಡೆ ತಳ್ಳಿ, ಮೆತ್ತಗೆ ಹೇಳಿದರು, ಅದಕ್ಕೇ ಮೂವತ್ತು ವರ್ಷವಾದರೂ ಉಳಿದಿದೆ. ಇವರಂತೂ ಇನ್ನೂ ಒಂದು ಹೆಜ್ಜೆ ಮುಂದೆ, ನಿನ್ನ ಕೊಕ್ಕರೆಗೆ ವಿಳಾಸ ಇಲ್ಲ ಕಣೇ, ಕಾಗದ ಹಾಕಿದರೆ ವಾಪಸ್ಸು ಬರುತ್ತೆ. ವಿಳಾಸ ಹುಡುಕಿಕೊಂಡು ರಿಟೈರಾದ ಮೇಲೆ ರಂಗನತಿಟ್ಟಿಗೆ ಎಷ್ಟು ಸಲ ಹೋಗಲಿಲ್ಲ, ದೋಣಿಯಲ್ಲಿ ಕೂತು ನೋಡಿ ನೋಡಿ ತಿಳಿದದ್ದು ಇಷ್ಟು, ಹಿನ್ನೆಲೆ ಎನ್ನುವುದು ಹಕ್ಕಿಯ ಹಿಂದೆ ಇರುವುದೇ ಅಲ್ಲ, ಹಕ್ಕಿಯ ಮೈಮೇಲೇ ಇರುತ್ತದೆ, ಬಿಳಿ ಹೊಟ್ಟೆಯ ಕೆಳಗೆ ನೀರಿನ ಹಸಿರು ಮೆತ್ತಿಕೊಂಡಿರುತ್ತದೆ, ದೂರದ ದಡದ ಮರಕ್ಕೆ ಎಲೆಯೇ ಇರುವುದಿಲ್ಲ, ನೀಲಿ ಕಲಸಿದ ಒಂದು ಉಸಿರು ಇರುತ್ತದೆ, ಹತ್ತಿರ ಬಂದ ಹಾಗೆಲ್ಲ ಬಣ್ಣ ಜೋರಾಗುತ್ತದೆ, ಅಂಚು ಚೂಪಾಗುತ್ತದೆ, ಕಾಲು ನೀರಿಗೆ ಇಳಿದ ಕಡೆ ಒಂದು ಸಣ್ಣ ಬಳೆ. ಒಂದು ಬಂಡೆಯನ್ನಂತೂ ಮುಕ್ಕಾಲು ಗಂಟೆ ಕೂತು ಬರೆದರು, ಪಾಚಿ, ಬಿರುಕು ಒಂದೂ ಬಿಡದೆ, ಕೊನೆಯ ಬಿರುಕಿಗೆ ಬಣ್ಣ ಅದ್ದುವಷ್ಟರಲ್ಲಿ ಬಂಡೆ ಬಾಯಿ ತೆರೆದು ಆಕಳಿಸಿ ನೀರಿಗೆ ಜಾರಿಹೋಯಿತು, ದೋಣಿಯವನು ನಕ್ಕಿದ್ದೇ ನಕ್ಕಿದ್ದು, ನೀವು ಅಷ್ಟು ಆಸೆಯಿಂದ ಬರೀತಿದ್ರಿ ತಾಯಿ, ಮೊಸಳೆ ಅಂತ ಏಳಾಕೆ ಮನಸು ಬರ್ಲಿಲ್ಲ.

ಅದೆಲ್ಲ ಹಾಳೆಯ ಮೇಲಿನ ಮಾತು, ಇದು ಇಪ್ಪತ್ತೆಂಟು ಅಡಿ ಗೋಡೆ, ಇದರ ಮೇಲೆ ಹಕ್ಕಿ ನಿಲ್ಲಿಸುವುದೆಂದರೆ ಭೂಮಿಯನ್ನೇ ತರಬೇಕು, ತಂದರು, ಮೊದಲ ವಾರ ಚಿನ್ನದಂಥ ಭತ್ತದ ಗದ್ದೆ, ತೆನೆ ತೂಗಿ ಬಾಗಿದೆ, ಬುಡದಲ್ಲಿ ಕನ್ನಡಿಯಂಥ ನೀರು, ನೀರಿನಲ್ಲಿ ಕೊಕ್ಕರೆಯ ನೆರಳು, ಎಂಥ ಅಂದ ಎಂದು ದೂರ ನಿಂತು ನೋಡುತ್ತಿದ್ದರೆ ಹಿಂದಿನಿಂದ ಕಿಸಕ್ಕನೆ ನಗು, ಗುಡಿಸುವುದಕ್ಕೆ ಬರುವ ಚಿಕ್ಕಬೋರಮ್ಮ, ಪೊರಕೆ ಕಂಕುಳಿಗೆ ಸಿಕ್ಕಿಸಿ, ಮೇಷ್ಟ್ರಮ್ಮ, ಬೈಬ್ಯಾಡಿ, ಒಂದ್ ಮಾತು, ಬತ್ತ ಅಣ್ಣಾದ್ಮೇಲೆ ನೀರು ಬುಡುಸ್ದೆ ಇಂಗೆ ನಿಲ್ಲುಸ್ಕೊಂಡ್ರೆ ತೆನೆ ಕೊಳ್ತೋಗಕಿಲ್ವಾ? ಕುಯ್ಯೋಕೆ ಬಂದ ಎಣ್ಣಾಳ್ಗಳು ಕುಡ್ಲು ಇಡ್ಕಂಡು ಈಜ್ಬೇಕಾ? ಅಣ್ಣಾದ್ಮೇಲೆ ಎಂದರೆ ಹಣ್ಣಾದ ಮೇಲೆ, ಎಣ್ಣಾಳು ಎಂದರೆ ಹೆಣ್ಣಾಳು ಎಂದು ಕಿವಿ ತಿದ್ದಿಕೊಳ್ಳುತ್ತಿದ್ದಂತೆ ಮುಖಕ್ಕೆ ರಕ್ತ ನುಗ್ಗಿತು, ನಲವತ್ತೊಂದು ಹಕ್ಕಿಗಳಲ್ಲಿ ಒಂದನ್ನೂ ಅವಳು ಕಣ್ಣೆತ್ತಿ ನೋಡಿರಲಿಲ್ಲ, ಗದ್ದೆಯನ್ನೇ ನೋಡಿದ್ದಳು. ನಾಲ್ಕು ದಿನ ಕೂತು ಚಿನ್ನವನ್ನೆಲ್ಲ ಹಸಿರು ಮಾಡಿದರು, ನಾಟಿಯಾಗಿ ಒಂದು ತಿಂಗಳಾದ ಪೈರು, ಈಗ ನೀರು ನಿಲ್ಲಬಹುದೇನಮ್ಮ? ಈಗ ನಿಲ್ಬೋದು, ಆದ್ರೆ ನೀರು ಬರೋದ್ ಎಲ್ಲಿಂದ, ತೂಬೆಲ್ಲಿ? ತೂಬು ಬಂತು. ಬದ ಅನ್ನೋದು ಇಸ್ಕೂಲ್ ಮಕ್ಳು ಗೀಟಾಕ್ದಂಗಿರ್ತದಾ, ಸೊಟ್ಟ ಮಾಡಿ. ಬದುವನ್ನು ಸೊಟ್ಟ ಮಾಡಿದರು, ಇಡೀ ಜನ್ಮ ಮಕ್ಕಳಿಗೆ ನೆಟ್ಟಗೆ ಎಳೆಯಿರಿ ಎಂದು ಹೇಳಿದ ಕೈ. ಈ ಮೂಲೇಲಿ ಒಂದು ಚಪ್ಪಟೆ ಬಂಡೆ ಬರ್ಲಿ, ಬುತ್ತಿ ಇಡಾಕೆ. ಆ ಬಂಡೆ ಪಕ್ಕ ಒಂದ್ ಲಕ್ಕಿ ಗಿಡ. ಕುಂತಿಬೆಟ್ಟನ ಒಸಿ ಎಡಕ್ಕೆ ತಳ್ಳಿ ಮೇಷ್ಟ್ರಮ್ಮ. ಬೆಟ್ಟ ತಳ್ಳುವುದೆಂದರೆ ಚಾಪೆ ತಳ್ಳಿದ ಹಾಗೆಯೇ? ಆದರೂ ತಳ್ಳಿದರು, ಯಾಕೆಂದರೆ ಅವಳು ಹೇಳಿದ ಒಂದೊಂದು ಸೇರಿದಾಗಲೂ ಹಕ್ಕಿಗಳು ಒಂದೊಂದು ಅಂಗುಲ ಗೋಡೆಯೊಳಕ್ಕೆ ಹೋಗುತ್ತಿದ್ದವು, ತೂಬು ಬಂದ ದಿನ ನೀರಿಗೆ ಹರಿವು ಬಂತು, ಬದ ಸೊಟ್ಟಾದ ದಿನ ಕಾಲಿಗೆ ಭಾರ ಬಂತು, ಬೆಟ್ಟ ಸರಿದ ದಿನ ಹಿಂಡಿನ ಹಿಂದೆ ಗಾಳಿ ಬಂತು. ಇಷ್ಟಾದರೂ ಹೇಳುವುದು ಹೇಳಿ ಅವಳು ಪೊರಕೆ ಹಿಡಿದು ಹೋಗಿಬಿಡುವಳು, ಮಾರನೆಯ ದಿನ ಬಂದರೆ ಬ್ರಷ್ಷು ತೊಳೆಯಲು ಒಂದು ಬಕೆಟ್ಟು ತಿಳಿನೀರು ಗೋಡೆಯ ಬುಡದಲ್ಲಿ ಇಟ್ಟಿರುವಳು, ಇಟ್ಟೆ ಎಂದು ಒಂದು ದಿನವೂ ಹೇಳಿದವಳಲ್ಲ.

ಮತ್ತೆ ಆ ಸೋರಿದ ಗೆರೆ, ನಿನ್ನೆಯದು, ನೀರು ಹೆಚ್ಚಾಗಿ ಕಂದು ಬಣ್ಣ ಬದದಿಂದ ಕೆಳಕ್ಕೆ ಒಂದು ಮಾರು ಹರಿದುಬಿಟ್ಟಿತು, ಒರೆಸುವಷ್ಟರಲ್ಲಿ ಒಣಗಿತು, ಅಳು ಬರುವಂತಾಗಿ ಕೂತಿದ್ದರೆ ಚಿಕ್ಕಬೋರಮ್ಮ ಸಲೀಸಾಗಿ ಹೇಳಿದಳು, ಏಡಿ ತೂತು ಕೊರ್ದದೆ ಅನ್ನಿ, ನೀರು ಸೋರ್ತಾ ಅದೆ ಅನ್ನಿ, ಯಾರ್ ಕೇಳ್ತಾರೆ. ಏಡಿ ತೂತೇ ಆಯಿತು, ಅದರ ಅಂಚಿಗೆ ಒದ್ದೆ ಮಣ್ಣಿನ ಮಿಂಚು ಕೊಟ್ಟು, ಕೆಳಗೆ ನೆಲದ ತನಕ ಕೆಸರು ಹರಡಿ, ಕೆಸರಿಗೆ ಈ ಹುಲ್ಲು, ಈ ಒಂದು ಎಸಳು ಮುಗಿದರೆ — ಜೀಪು. ಜೀಪು ನಿಂತ ಸದ್ದು. ಬಂದರು. ಮೊದಲು ಕಂಡದ್ದು ತಲೆ, ತಿರುಪತಿಯಲ್ಲಿ ಒಪ್ಪಿಸಿ ಬಂದ ಹೊಸ ಬೋಳು, ಬಿಸಿಲಿಗೆ ಹಿತ್ತಾಳೆ ಬಣ್ಣ, ನೆತ್ತಿಯ ಮೇಲೆ ಕಿಟಕಿಯ ಬಿಳಿ ಚೌಕ, ಬರೆಯುವುದಾದರೆ ಸ್ವಲ್ಪ ಹಳದಿ ಬೆರೆಸಬೇಕು — ಛೆ, ಇದೇನು ಈ ಹೊತ್ತಿನಲ್ಲಿ, ಎದ್ದು ನಿಲ್ಲು ಕೌಸಲ್ಯಾ. ಮರಿಸ್ವಾಮಿ ಈ ತುದಿಯಿಂದ ಆ ತುದಿಗೆ ನೋಡಿದರು, ಆ ತುದಿಯಿಂದ ಈ ತುದಿಗೆ ನೋಡಿದರು, ಲಾಡು ಪ್ರಸಾದದ ಪೊಟ್ಟಣ ಕೈಯಲ್ಲೇ ಇತ್ತು, ಬೋ ಚೆಂದಾಗದೆ ಮೇಡಮ್ಮೋರೆ, ಅಂದರು, ಉಸಿರು ಬಂತು, ಅಕ್ಕಿ ಎಲ್ಲಿ, ಅಂದರು. ಎದುರಿಗೇ ಇದೆಯಲ್ಲ ಮರಿಸ್ವಾಮಿಯವರೇ, ನಲವತ್ತೊಂದು. ನಲವತ್ತೊಂದು ಮೂಟೆಯಾ? ಇಲ್ಲಪ್ಪ, ನಲವತ್ತೊಂದು ಹಕ್ಕಿ. ಅದೇ ಅಕ್ಕಿ ಎಲ್ಲಿ? ಇದೇ ಹಕ್ಕಿ. ಇದಲ್ಲ ಕಣ್ರೀ, ಅಕ್ಕಿ, ಅಕ್ಕಿ! ಹೌದು, ಇವೇ, ಬಾಯ್ಕಳಕ ಅಂತ ಕೊಕ್ಕರೆಯ ಜಾತಿ, ಕೊಕ್ಕಿನ ಮಧ್ಯೆ ಸಂದು ಇರುತ್ತೆ ನೋಡಿ — ಅಯ್ಯಯ್ಯೋ ನಿಮ್ಮ, ಆರೋ ಅಕ್ಕಿ ಅಲ್ಲ ಕಣ್ರೀ, ಬೇಯೋ ಅಕ್ಕಿ!

ಬೇಯೋ ಅಕ್ಕಿ. ರಾಶಿ. ನೋಡಿದರೆ ಹೊಟ್ಟೆ ತುಂಬಬೇಕು. ಮಿಲ್ಲು. ದೇವರೇ, ಮಿಲ್ಲು — ಮೂವತ್ತನಾಲ್ಕು ವರ್ಷ ಜೋಡಿಸಿದ ಅಷ್ಟೂ ಹಕಾರಗಳು ಒಟ್ಟಿಗೆ ತಲೆಯ ಮೇಲೆ ಉದುರಿದ ಹಾಗಾಯಿತು, ಆ ಹಳಿಯನೂ ಅದರಲ್ಲಿದ್ದ, ಅವರು ಅಕ್ಕಿ ಎಂದರೆ ಅಕ್ಕಿಯೇ, ಜೀವಮಾನದಲ್ಲಿ ಒಂದು ಸಲ ಒಬ್ಬರು ಸರಿಯಾಗಿ ಉಚ್ಚರಿಸಿದ್ದಾರೆ, ಆವತ್ತೇ ತಿದ್ದಿಕೊಂಡು ಬಂದಿದ್ದೇನೆ. ಮರಿಸ್ವಾಮಿ ಹಾಲಿನ ಉದ್ದಕ್ಕೂ ಓಡಾಡುತ್ತಿದ್ದರು, ಅಕ್ಕಿ ಮಿಲ್ ಮಡಗಿರೋನು ಗ್ವಾಡೆ ಮ್ಯಾಲೆ ಅಕ್ಕಿ ಬುಟ್ಟು ಅಕ್ಕಿ ಬರುಸ್ತಾನಾ? ನೆಂಟ್ರು ಏನಂದಾರು, ಮರಿಸ್ವಾಮಿ ಅಕ್ಕೀನೆಲ್ಲ ಅಕ್ಕಿ ತಿಂದೋಯ್ತು ಅನ್ನಕಿಲ್ವಾ? ಇವು ಅಕ್ಕಿ ತಿನ್ನೋ ಹಕ್ಕಿ ಅಲ್ಲ, ಎಂದರು ಕೌಸಲ್ಯಮ್ಮ ಸಮಾಧಾನ ಮಾಡುವ ದನಿಯಲ್ಲಿ, ಬಸವನಹುಳು ತಿನ್ನುತ್ತವೆ, ಎಂದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಬಸವನುಳ! ಪಾಯ್ಸದ ಎಲೆ ಮುಂದೆ ಬಸವನುಳ! ಲೇ ಚಲುವರಾಜು, ಅಡ್ಗೆಮನೆ ಆಯ್ತೇನ್ಲಾ, ಮಿಕ್ಕಿದ್ ಸುಣ್ಣ ಈ ಕಡೀಕ್ ತಗಂಡ್ ಬಾ. ಚಲುವರಾಜು ಬಕೆಟ್ಟು ತಂದ, ಗೋಡೆ ನೋಡಿದ, ಕೌಸಲ್ಯಮ್ಮನವರ ಮುಖ ನೋಡಿದ, ಬಕೆಟ್ಟಿನಲ್ಲಿ ಹಾಲಿನಂತೆ ತಣ್ಣಗೆ ನಿಂತಿದ್ದ ಸುಣ್ಣ ನೋಡಿದ, ಇನ್ನೂ ಸರ್ಯಾಗಿ ಅರಳಿಲ್ಲ ಕಣಣ್ಣ, ಒಂದ್ ಗಂಟೆ ಬುಡಿ, ಅಂದು ಸುಳ್ಳನ್ನು ಕೋಲಿನಿಂದ ತಿರುವುತ್ತಾ ನಿಂತ. ಆ ಒಂದು ಗಂಟೆ, ಅಷ್ಟು ಹೊತ್ತು ಈ ಹಕ್ಕಿಗಳು ನಿಂತಿರುತ್ತವೆ, ನಿಂತಿವೆಯಲ್ಲ, ಹಾಳೆಯ ಮೇಲಲ್ಲ, ಗೋಡೆಯ ಮೇಲಲ್ಲ, ನೀರಿನಲ್ಲಿ, ಎಡಗಡೆಯ ಮೂರನೆಯದು ಒಂದು ಕಾಲೆತ್ತಿ ಇನ್ನೊಂದರ ಮೇಲೆ ಎಷ್ಟು ಭಾರ ಬಿಟ್ಟಿದೆ, ಇಂಥದ್ದು ಮತ್ತೆ ಬರೆಯಲು ಬರುತ್ತದೆಯೇ, ಅಕ್ಕಿ ಮೂಟೆ ಬರೆದುಕೊಡುತ್ತೇನೆ ಎನ್ನಲೇ, ಬೇರೆ ಗೋಡೆ ಕೊಡಿ ಎನ್ನಲೇ —

ಯಾವನ್ಲಾ ಅವ್ನು, ಎಂಬ ಕೂಗು ಬಾಗಿಲಲ್ಲಿ, ಕೋಲು ಊರಿಕೊಂಡು ಮರಿಸ್ವಾಮಿಯ ತಾಯಿ ಬೆಟ್ಟಮ್ಮ, ಜೀಪಿನಿಂದ ನಿಧಾನಕ್ಕೆ ಇಳಿದು ಈಗ ಬಂದವಳು, ದಪ್ಪ ಕನ್ನಡಕ, ಯಾವನ್ಲಾ ಅವ್ನು ನೀರುಗಂಟಿ, ಬದ ಒಡ್ದು ನೀರೆಲ್ಲ ಅರ್ಕಂಡೋಯ್ತಾ ಅದೆ, ನೀನು ಬೋಳ್ ತಲೆ ಸವುರ್ಕಂಡು ನಿಂತೀಯಲ್ಲ, ಒಂದ್ ಮಂಕ್ರಿ ಮಣ್ಣಾಕಾಕೆ ಏನಾಗದೆ? ಚಲುವರಾಜುವಿನ ಕೋಲು ನಿಂತಿತು. ಮುದುಕಿ ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಗೋಡೆಯ ಹತ್ತಿರ ಹೋದಳು, ಸೋರಿದ ಕಂದು ಗೆರೆಗೆ ಬೆರಳು ಒತ್ತಿದಳು, ಬೆರಳು ನೋಡಿಕೊಂಡಳು, ಬಣ್ಣವಾ, ಅಂದಳು, ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ತೂಬು ನೋಡಿದಳು, ಸೊಟ್ಟ ಬದ ನೋಡಿದಳು, ಬಂಡೆ ನೋಡಿದಳು, ಲಕ್ಕಿ ಗಿಡ ನೋಡಿದಳು, ಇದು ನಮ್ಮ ತೂಬ್ಗದ್ದೆ ಅಲ್ವೇನ್ಲಾ? ಮರಿಸ್ವಾಮಿ ಕಾಲ ಕೆಳಗಿನ ಹೊಸ ನೆಲ ನೋಡಿದರು. ಈ ಬಂಡೆ ಮ್ಯಾಲೆ ಕುಂತು ನಿಂಗೆ ಆಲು ಕುಡ್ಸಿವ್ನಿ ಕಣ್ಲಾ, ಮಣ್ಣು ತುಂಬ್ಸಿ ಮಂಟ್ಪ ಎಬ್ಬುಸ್ಬುಟ್ಟಲ್ಲ, ಇನ್ನೆಲ್ಲಿ ನೋಡಾನ ಅಂದ್ಕಂಡಿದ್ದೆ. ಕೌಸಲ್ಯಮ್ಮ ತಿರುಗಿದರು, ಚಿಕ್ಕಬೋರಮ್ಮ ಕಂಬದ ಪಕ್ಕ ನಿಂತು ಪೊರಕೆಯ ಕಡ್ಡಿಗಳನ್ನು ಒಂದೊಂದಾಗಿ ಸರಿಮಾಡುತ್ತಿದ್ದಳು, ಇಲ್ಲೇ ಇದ್ದುದ್ದು ಮೇಷ್ಟ್ರಮ್ಮ, ಹದಿನೆಂಟ್ ವರ್ಸ ನಾಟಿ ಆಕಿವ್ನಿ, ಗೊತ್ತಿರಕಿಲ್ವಾ.

ಹಾಗಾದರೆ ನಾನು ಬರೆದದ್ದು, ನಾನೆಲ್ಲಿ ಬರೆದೆ, ಅವಳು ಹೇಳಿದಳು, ಬೆಟ್ಟ ಎಡಕ್ಕೆ ತಳ್ಳಿ ಅಂದದ್ದು ಇದಕ್ಕೆ, ಬುತ್ತಿ ಇಡೋಕೆ ಬಂಡೆ ಅಂದದ್ದು ಇದಕ್ಕೆ — ಇತ್ತ ಮರಿಸ್ವಾಮಿ ತಾಯಿಯ ಹತ್ತಿರ ವ್ಯಾಪಾರಕ್ಕೆ ಇಳಿದಿದ್ದರು, ಆಯ್ತು ಕಣವ್ವ, ಗದ್ದೆ ಇರ್ಲಿ, ಅಕ್ಕೀನೂ ಇರ್ಲಿ, ಮೂಲೇಲಿ ಒಂದೇ ಒಂದ್ ಮೂಟೆ ಅಕ್ಕಿ ಬರಸ್ತೀನಿ, ಮಿಲ್ಲಿನ ಎಸ್ರು ಕಾಣೋ ಅಂಗೆ. ಬೆಟ್ಟಮ್ಮ ಮಗನನ್ನು ಕನಿಕರದಿಂದ ನೋಡಿದಳು, ಪೈರು ಇನ್ನೂ ಮೊಣಕಾಲುದ್ದ ಐತೆ, ಅಷ್ಟ್ರಲ್ಲಿ ಮೂಟೆ ಎಲ್ಲಿಂದ ಬತ್ತದ್ಲಾ? ಬೇಸಾಯಗಾರ್ರು ಉಣ್ಣಾಕೆ ಕುಂತ್ಕಂಡು ನಗ್ತಾರೆ. ಮರಿಸ್ವಾಮಿ ಬೋಳು ನೆತ್ತಿಯನ್ನು ಎರಡು ಸಲ ತಟ್ಟಿಕೊಂಡು, ಅದೂ ನಿಜವೇಯ, ಅಂದು, ಲಾಡಿನ ಪೊಟ್ಟಣವನ್ನು ಕೌಸಲ್ಯಮ್ಮನವರ ಕೈಗೆ ಕೊಟ್ಟು, ತಗಳಿ ಮೇಡಮ್ಮೋರೆ, ಇರ್ಲಿ ಬುಡಿ ಈ ಅಕ್ಕಿ, ಇನ್ಮ್ಯಾಕೆ ನಿಮ್ಗೆ ಬಾಯಲ್ಲಿ ಏಳಕಿಲ್ಲ, ಬರ್ದೇ ಕೊಡ್ತೀನಿ, ಅಂದರು, ಬರೆಯೋದೂ ಹಾಗೇ ಬರೀತೀರಲ್ಲ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಕೌಸಲ್ಯಮ್ಮ ಲಾಡಿನ ಜೊತೆ ನುಂಗಿದರು. ಸುಣ್ಣದ ಬಕೆಟ್ಟು ವಾಪಸ್ಸು ಹೋಯಿತು, ಚಲುವರಾಜು ಹೋಗುತ್ತಾ ಈ ಕಡೆ ನೋಡಲೂ ಇಲ್ಲ, ಸಿಳ್ಳೆ ಹಾಕಿಕೊಂಡು ಹೋದ.

ಇನ್ನು ಎಸಳು, ಕೈ ಎತ್ತಿದರೆ ಬೆರಳು ಬಿಚ್ಚುತ್ತಿಲ್ಲ, ಇಪ್ಪತ್ತಾರು ದಿನ ಬ್ರಷ್ಷು ಹಿಡಿದು ಹಿಡಿದು ಹಾಗೇ ಮರಗಟ್ಟಿದೆ, ಎಡಗೈಯಲ್ಲಿ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತಾ ಡಬ್ಬದ ಮೇಲೆ ಕುಸಿದು ಕೂತರು, ಯಾರೂ ನೋಡಲಿಲ್ಲ ಅಂದುಕೊಂಡರು, ತೂಬ್ಗದ್ದೆ, ಎಂಥ ಹೆಸರು, ಮನೆಗೆ ಹೋಗಿ ಇವರಿಗೆ ಹೇಳಬೇಕು, ಬದ ಮುಚ್ಚಿ ಅಂತಾಳೇನೋ ಮುದುಕಿ, ಮುಚ್ಚಲು ಯಾವ ಕಂದು, ಒಣ ಮಣ್ಣೋ ಹಸಿ ಮಣ್ಣೋ, ಹಸಿಯದಾದರೆ ಚೂರು ನೀಲಿ — ಮುಂದೆ ಒಂದು ಕುರ್ಚಿ ಬಂದು ನಿಂತಿತು, ಕುರ್ಚಿಯ ಮೇಲೆ ಒಂದು ತಟ್ಟೆ, ಬೆಟ್ಟಮ್ಮ ಅದನ್ನು ಇಟ್ಟು, ಕೋಲು ಊರಿಕೊಂಡು, ಗೋಡೆಯ ಕಡೆಗೆ ಹೊರಟುಹೋದಳು, ಜೀಪಿನ ಬುತ್ತಿಯ ರಾಗಿಮುದ್ದೆ, ಬಸ್ಸಾರು, ಮುದ್ದೆ ಇಡಿಯಾಗಿರಲಿಲ್ಲ, ಐದು ಪುಟ್ಟ ಉಂಡೆ ಮಾಡಿ ಸಾರಿನಲ್ಲಿ ಹೊರಳಿಸಿತ್ತು, ಎತ್ತಿ ಬಾಯಿಗೆ ಹಾಕಿಕೊಂಡರೆ ಸಾಕು, ಬೆರಳು ಬಗ್ಗಬೇಕಾಗಿಲ್ಲ, ನೋಡಿದ್ದಾಳೆ, ಯಾವಾಗ ನೋಡಿದಳು, ಹಸಿ ಮಣ್ಣಿಗೆ ಚೂರು ನೀಲಿ, ಇಲ್ಲ, ಐದು ಉಂಡೆ, ಒಂದೊಂದರ ಮೇಲೂ ಹೆಬ್ಬೆರಳು ಒತ್ತಿದ ಗುರುತು, ಗುರುತಿನಲ್ಲಿ ನಿಂತ ಸಾರು, ಬದಕ್ಕೆ ಯಾವ ಕಂದು, ಐದು ಉಂಡೆ, ಒಂದೊಂದರ ಮೇಲೂ ಹೆಬ್ಬೆರಳಿನ ಗುರುತು.